ಅನಾಥ ಬಾಲಕರ ತಂದೆ ಸಂತ ಜಾನ್ ಬೋಸ್ಕೊ



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿತೆಂದರೆ ಅದು ಕಲ್ಲು ಗಾರೆಗಳ ಮಾತಲ್ಲ, ನಾಲ್ಕು ತಲೆಮಾರುಗಳ ಮಾತು. ಇಲ್ಲಿ ಜ್ಞಾನಸ್ನಾನ ಪಡೆದ ಶಿಶುಗಳು ಬೆಳೆದು ಮುದುಕರಾಗಿ ಇದೇ ಊರಿನ ಸಮಾಧಿಭೂಮಿಯಲ್ಲಿ ವಿಶ್ರಮಿಸಿದ್ದಾರೆ. ಅವರ ಮರಿಮಕ್ಕಳು ಇಂದು ಬಲಿಪೀಠದ ಮುಂದೆ ಮೊಣಕಾಲೂರಿ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದಾರೆ. ಹಿರಿಯರು ನಮಗೆ ಬಿಟ್ಟುಹೋದುದನ್ನು ಈ ಸ್ಮರಣ ಸಂಚಿಕೆಯ ಪುಟಗಳು ಕೃತಜ್ಞತೆಯಿಂದ ನೆನೆಯುತ್ತವೆ. ನಾವು ನಮ್ಮ ಕಿರಿಯರಿಗೆ ಏನನ್ನು ಬಿಟ್ಟುಹೋಗಲಿದ್ದೇವೆ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಸಂತ ಜಾನ್ ಬೋಸ್ಕೊರವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ನಾವು ಮನಸ್ಸು ಮಾಡಿದ್ದೇವೆ.

ಈ ಸಂತರ ಚಿತ್ರಪಟ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಕಪ್ಪು ನಿಲುವಂಗಿ, ಮಂದಹಾಸ, ಸುತ್ತಲೂ ಬಾಲಕರ ಗುಂಪು. ಆ ಬಾಲಕರು ಯಾರೆಂದು ವಿಚಾರಿಸುವವರು ಮಾತ್ರ ವಿರಳ. ಅವರು ತಂದೆತಾಯಿಗಳನ್ನು ಕಳೆದುಕೊಂಡವರು, ಹೊಟ್ಟೆಪಾಡಿಗಾಗಿ ಊರು ಬಿಟ್ಟು ನಗರ ಸೇರಿದವರು, ಸೆರೆಮನೆಯ ಬಾಗಿಲವರೆಗೆ ಹೋಗಿ ಬಂದವರು, ರೋಗಿಗಳು, ಮನಸ್ಸು ಮುರಿದವರು. ಅವರನ್ನು ಒಂದು ಮನೆಯಲ್ಲಿ ಕೂಡಿಸಿ, ಅವರ ದೇಹವನ್ನೂ ಮನಸ್ಸನ್ನೂ ಆತ್ಮವನ್ನೂ ಬೇರೆಬೇರೆಯಾಗಿ ನೋಡದೆ ಒಟ್ಟಾಗಿ ಆರೈಕೆ ಮಾಡಿದುದೇ ಈ ಮಹನೀಯರ ಜೀವನದ ಸಾರ.

ಬೆಕ್ಕಿಯ ಬಡ ಮನೆ

ಇಟಲಿಯ ಉತ್ತರ ಭಾಗದಲ್ಲಿ ಪಿಯೆಡ್‌ಮಾಂಟ್ ಎಂಬ ಸೀಮೆಯಿದೆ. ಅಲ್ಲಿಯ ಕಾಸ್ಟೆಲ್‌ನೊವೊ ಎಂಬ ಊರಿಗೆ ಸೇರಿದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ ೧೮೧೫ನೆಯ ಇಸವಿ ಆಗಸ್ಟ್ ೧೬ರಂದು ಜಾನ್ ಬೋಸ್ಕೊ ಜನಿಸಿದರು. ತಂದೆ ಫ್ರಾನ್ಸಿಸ್ ರೈತಕೂಲಿ. ಒಂದು ದಿನ ದುಡಿದು ಬೆವರಿದ ಮೈಯಲ್ಲಿಯೇ ತಣ್ಣನೆಯ ನೆಲಮಾಳಿಗೆಯನ್ನು ಹೊಕ್ಕ ಅವರಿಗೆ ಜ್ವರ ಹಿಡಿದು, ಶ್ವಾಸಕೋಶಕ್ಕೆ ತಗುಲಿ, ೧೮೧೭ರ ಮೇ ತಿಂಗಳಲ್ಲಿ ತೀರಿಕೊಂಡರು. ಜಾನ್‌ಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಬೆನ್ನಿಗೇ ಬರಗಾಲವೂ ಬಂದಿತು. ತಾಯಿ ಮಾರ್ಗರಿಟಮ್ಮನವರು ಓದುಬರಹ ತಿಳಿಯದವರು. ಆದರೆ ದೇವರಲ್ಲಿ ಅಚಲ ವಿಶ್ವಾಸವುಳ್ಳವರು. ಗಂಡನ ಮೊದಲ ಹೆಂಡತಿಯ ಮಗನಾದ ಆಂಟೊನಿಯೊನನ್ನೂ, ತಮ್ಮ ಮಕ್ಕಳಾದ ಜೋಸೆಫ್ ಮತ್ತು ಜಾನ್‌ರನ್ನೂ, ವೃದ್ಧೆ ಅತ್ತೆಯನ್ನೂ ಅವರು ಒಬ್ಬರೇ ದುಡಿದು ಸಾಕಿದರು. ಮಳೆ ತಪ್ಪಿದ ವರ್ಷ ಒಲೆ ಹಚ್ಚುವ ಕಷ್ಟ ಏನೆಂಬುದನ್ನು ಕೋಲಾರ ಸೀಮೆಯ ತಾಯಂದಿರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಒಂದು ಕನಸು ಕಂಡನು. ಹೊಡೆದಾಡಿ ಬೈದಾಡುತ್ತಿದ್ದ ಬಾಲಕರ ಗುಂಪಿನ ಮೇಲೆ ಅವನು ಮುಷ್ಟಿಯೆತ್ತಿ ನುಗ್ಗಿದಾಗ, ತೇಜೋಮಯನಾದ ಒಬ್ಬ ಪುರುಷನು ತಡೆದು, ಹೊಡೆತದಿಂದಲ್ಲ, ಸೌಮ್ಯತೆಯಿಂದಲೂ ಪ್ರೀತಿಯಿಂದಲೂ ಇವರನ್ನು ಗೆಲ್ಲಬೇಕೆಂದು ತಿಳಿಸಿದನಂತೆ. ಈ ಕನಸು ಜೀವಮಾನವೆಲ್ಲ ಅವರ ಜೊತೆಗಿದ್ದಿತು. ಜಾತ್ರೆಯಲ್ಲಿ ದೊಂಬರಾಟದವರನ್ನು ನೋಡಿ ಹಗ್ಗದ ಮೇಲೆ ನಡೆಯುವುದನ್ನು ಕಲಿತ ಬಾಲಕನು ಊರ ಹುಡುಗರಿಗೆ ಆಟ ತೋರಿಸುತ್ತಿದ್ದನು. ಆಟದ ನಡುವೆ ಜಪಸರ ಪ್ರಾರ್ಥನೆಯನ್ನು ಹೇಳಿಸುತ್ತಿದ್ದನು.

ಓದಬೇಕೆಂಬ ಹಂಬಲ ಮನೆಯಲ್ಲಿ ಜಗಳಕ್ಕೆ ಕಾರಣವಾಯಿತು. ಹೊಲದ ದುಡಿಮೆಯೇ ಸಾಕೆಂಬುದು ಆಂಟೊನಿಯೊನ ಹಠ. ಮನೆಯ ಶಾಂತಿಗಾಗಿ ತಾಯಿ ಎದೆಯನ್ನು ಕಲ್ಲುಮಾಡಿಕೊಂಡು, ಹನ್ನೆರಡರ ಆಸುಪಾಸಿನ ಮಗನನ್ನು ಪರರ ಹೊಲದ ಮನೆಯಲ್ಲಿ ಆಳಾಗಿರಲು ಕಳುಹಿಸಿದರು. ಬಳಿಕ ಕಲೊಸ್ಸೊ ಎಂಬ ವೃದ್ಧ ಗುರುಗಳು ಅವನಿಗೆ ಓದು ಕಲಿಸುತ್ತ ತಂದೆಯಂತೆ ನಡೆಸಿಕೊಂಡರು. ೧೮೩೦ರಲ್ಲಿ ಅವರೂ ತೀರಿಕೊಂಡಾಗ ಬಾಲಕನು ಎರಡನೆಯ ಬಾರಿ ತಬ್ಬಲಿಯಾದನು. ಮುಂದೆ ಕಿಯೆರಿ ಎಂಬ ಪಟ್ಟಣದ ಶಾಲೆಗೆ ಸೇರಿ, ಹೊಲಿಗೆಯವನ ಬಳಿ, ಬಡಗಿಯ ಬಳಿ, ಕಾಫಿ ಅಂಗಡಿಯಲ್ಲಿ ದುಡಿಯುತ್ತ ಓದಿದನು. ೧೮೩೫ರಲ್ಲಿ ಗುರುಮಠವನ್ನು ಪ್ರವೇಶಿಸಿ, ೧೮೪೧ರ ಜೂನ್ ೫ರಂದು ತುರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಅಂದಿನಿಂದ ಅವರು ಡಾನ್ ಬೋಸ್ಕೊ ಆದರು. ಡಾನ್ ಎಂಬುದು ಇಟಲಿಯಲ್ಲಿ ಗುರುಗಳ ಹೆಸರಿನ ಹಿಂದೆ ಬರುವ ಗೌರವಪದ. ಅನಾಥನ ನೋವು, ಆಳಿನ ದಣಿವು, ಪರರ ಮನೆಯ ಊಟ, ಇವನ್ನೆಲ್ಲ ಉಂಡು ಬಂದವರಾದುದರಿಂದಲೇ ಅವರು ಮುಂದೆ ಬಡ ಬಾಲಕರ ಮುಖವನ್ನು ನೋಡಿದೊಡನೆ ಮನಸ್ಸನ್ನು ಅರಿಯಬಲ್ಲವರಾದರು.

ಸೆರೆಮನೆಯಲ್ಲಿ ಕಂಡ ಸತ್ಯ

ತುರಿನ್ ನಗರವು ಆಗ ಬೆಳೆಯುತ್ತಿದ್ದಿತು. ಹಳ್ಳಿಗಾಡಿನ ಹುಡುಗರು ಗಾರೆಕೆಲಸಕ್ಕೂ, ಚಿಮಣಿ ಗುಡಿಸುವುದಕ್ಕೂ, ಕಾರ್ಖಾನೆಗಳಿಗೂ ಗುಂಪುಗುಂಪಾಗಿ ಬರುತ್ತಿದ್ದರು. ದುಡಿಮೆ ಸಿಕ್ಕಿದರೆ ಊಟ, ಇಲ್ಲವಾದರೆ ಬೀದಿ. ಡಾನ್ ಬೋಸ್ಕೊರವರು ತಮ್ಮ ಆತ್ಮಗುರುಗಳಾದ ಸಂತ ಜೋಸೆಫ್ ಕಫಾಸ್ಸೊರವರೊಡನೆ ಸೆರೆಮನೆಗಳನ್ನು ಸಂದರ್ಶಿಸಿದರು. ಹನ್ನೆರಡರಿಂದ ಹದಿನೆಂಟು ವರ್ಷದ, ಆರೋಗ್ಯವಂತರಾಗಿರಬೇಕಾದ ಹುಡುಗರು ಹುಳುಹುಪ್ಪಟೆಗಳ ನಡುವೆ ಕೊಳೆಯುತ್ತಿದ್ದರು. ಬಿಡುಗಡೆಯಾಗಿ ಹೋದವರು ಕೆಲವೇ ದಿನಗಳಲ್ಲಿ ಮರಳಿ ಅಲ್ಲಿಗೇ ಬರುತ್ತಿದ್ದುದು ಅವರ ಮನಸ್ಸನ್ನು ಕಲಕಿತು. ಹೊರಗೆ ಅವರನ್ನು ಕಾದುಕೊಂಡಿರುವ ಒಬ್ಬ ಮಿತ್ರನಿಲ್ಲದಿರುವುದೇ ಇದಕ್ಕೆ ಕಾರಣವೆಂದು ಅವರಿಗೆ ಹೊಳೆಯಿತು. ರೋಗ ಬಂದ ಮೇಲೆ ಔಷಧ ಕೊಡುವುದಕ್ಕಿಂತ ರೋಗ ಬಾರದಂತೆ ಕಾಯುವುದು ಮೇಲೆಂಬುದನ್ನು ಅವರು ಅಲ್ಲಿ ಕಲಿತರು.

ಅದೇ ವರ್ಷ ಡಿಸೆಂಬರ್ ೮ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ಸಂತ ಫ್ರಾನ್ಸಿಸ್ ಅಸ್ಸಿಸಿಯವರ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಪೂಜಾವಸ್ತ್ರಗಳ ಕೋಣೆಗೆ ಬಂದ ಹುಡುಗನೊಬ್ಬನಿಗೆ ಪೂಜೆಯಲ್ಲಿ ಸಹಾಯ ಮಾಡಲು ಬಾರದೆಂದು ತಿಳಿದು ದೇವಾಲಯದ ಸೇವಕನು ಅವನನ್ನು ಹೊಡೆದು ಓಡಿಸಿದನು. ಡಾನ್ ಬೋಸ್ಕೊರವರು ಅವನನ್ನು ಮರಳಿ ಕರೆಯಿಸಿದರು. ಅವನು ಬಾರ್ತಲೊಮೆಯೊ ಗರೆಲ್ಲಿ, ಹದಿನಾರರ ತಬ್ಬಲಿ, ಗಾರೆಕೆಲಸದವನು. ಓದು ಬಾರದು, ಹಾಡು ಬಾರದು. ಕೊನೆಗೆ ಸಿಳ್ಳು ಹಾಕಲು ಬರುವುದೇ ಎಂದು ಕೇಳಿದಾಗ ಹುಡುಗನು ನಕ್ಕನು. ಆ ನಗೆಯೊಂದಿಗೇ ಒಂದು ಮಹಾಸೇವೆ ಆರಂಭವಾಯಿತು. ಬಾರದ ಹತ್ತು ವಿಷಯಗಳನ್ನು ಎಣಿಸಿ ಹೇಳಿ ನಾಚಿಸುವುದಕ್ಕೆ ಬದಲಾಗಿ, ಬರುವ ಒಂದು ವಿಷಯವನ್ನು ಹುಡುಕಿ ಹೊರಗೆ ತಂದ ಆ ರೀತಿಯನ್ನು ಭಕ್ತಾದಿಗಳು ಗಮನಿಸಬೇಕು. ಅಂದು ಅವರಿಬ್ಬರೂ ಸೇರಿ ಒಂದು ನಮೋ ಮರಿಯ ಜಪವನ್ನು ಮಾಡಿದರು. ಮುಂದಿನ ಭಾನುವಾರ ಗರೆಲ್ಲಿ ತನ್ನ ಗೆಳೆಯರನ್ನೂ ಕರೆತಂದನು.

ಬಾಲಕರ ಸಂಖ್ಯೆ ಏರಿದಂತೆ ನಿಲ್ಲಲು ನೆಲೆಯಿಲ್ಲದಾಯಿತು. ಗದ್ದಲವನ್ನು ಸಹಿಸದ ನೆರೆಯವರು ದೂರುತ್ತಿದ್ದರು. ಒಂದೆಡೆಯಿಂದ ಇನ್ನೊಂದೆಡೆಗೆ ಅಲೆದಾಟ. ಕೊನೆಗೆ ೧೮೪೬ರ ಏಪ್ರಿಲ್ ೧೨, ಪುನರುತ್ಥಾನದ ಭಾನುವಾರದಂದು, ವಾಲ್ದೊಕ್ಕೊ ಎಂಬ ಹೊರವಲಯದಲ್ಲಿ ಪಿನಾರ್ದಿ ಎಂಬವರಿಗೆ ಸೇರಿದ ತಗ್ಗಾದ ಕೊಟ್ಟಿಗೆಯೊಂದು ಬಾಡಿಗೆಗೆ ದೊರೆಯಿತು. ಅದೇ ಪ್ರಾರ್ಥನಾಲಯ, ಅದೇ ಶಾಲೆ.

ಆದರೆ ಬಿಡುವಿಲ್ಲದ ದುಡಿಮೆಯಿಂದ ಅದೇ ಜುಲೈ ತಿಂಗಳಲ್ಲಿ ಅವರು ಕುಸಿದುಬಿದ್ದರು. ಎದೆಯ ಬೇನೆ, ತೀವ್ರ ಜ್ವರ, ಅಂತ್ಯಾಭ್ಯಂಗನವೂ ಆಯಿತು. ಗಾರೆ ಕೆಲಸದ ಹುಡುಗರು ಸಂಜೆ ಕೆಲಸದ ಬಟ್ಟೆಯಲ್ಲಿಯೇ ಓಡಿಬಂದು ಬಾಗಿಲಲ್ಲಿ ಅಳುತ್ತಿದ್ದರು. ಸರದಿಯಂತೆ ಸಾಂತ್ವನ ಮಾತೆಯ ದೇವಾಲಯದಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸಿದರು. ಕೆಲವರು ಉಪವಾಸದ ಹರಕೆ ಹೊತ್ತರು. ಡಾನ್ ಬೋಸ್ಕೊ ಚೇತರಿಸಿಕೊಂಡರು. ತಮ್ಮ ಈ ಆಯುಷ್ಯ ಬಾಲಕರ ಕೊಡುಗೆ, ಆದ್ದರಿಂದ ಅದು ಇನ್ನು ಅವರಿಗೇ ಸೇರಿದ್ದೆಂದು ಸಾರಿದರು. ಜೊತೆಗೆ ಹರಕೆ ಹೊತ್ತ ಹುಡುಗರನ್ನು ಒಬ್ಬೊಬ್ಬರಾಗಿ ಕರೆದು, ಬೆಳೆಯುವ ದೇಹಕ್ಕೆ ಹಾನಿಕರವಾದ ಕಠಿಣ ಹರಕೆಗಳನ್ನು ಸುಲಭವಾದವುಗಳಿಗೆ ಬದಲಾಯಿಸಿದರು.

ಮನೆಯೊಂದು ಮೂಡಿತು

ಚೇತರಿಸಿಕೊಳ್ಳಲು ಊರಿಗೆ ಹೋಗಿದ್ದ ಅವರು ನವೆಂಬರ್ ೩ರಂದು ತಾಯಿಯನ್ನು ಜೊತೆಗೆ ಕರೆದುಕೊಂಡು ಕಾಲ್ನಡಿಗೆಯಲ್ಲಿ ವಾಲ್ದೊಕ್ಕೊಗೆ ಹಿಂತಿರುಗಿದರು. ಐವತ್ತೆಂಟು ವರ್ಷದ ಆ ತಾಯಿ ಮೊಮ್ಮಕ್ಕಳನ್ನೂ ನೆಮ್ಮದಿಯ ಮನೆಯನ್ನೂ ಬಿಟ್ಟು, ಪರರ ಮಕ್ಕಳಿಗೆ ಅಡಿಗೆ ಮಾಡಲು, ಹರಿದ ಬಟ್ಟೆ ಹೊಲಿಯಲು ಬಂದರು. ಮದುವೆಯ ಉಡುಗೆತೊಡುಗೆಗಳನ್ನು ಮಾರಿ ಪ್ರಾರ್ಥನಾಲಯಕ್ಕೆ ಬೇಕಾದುದನ್ನು ಒದಗಿಸಿದರು.

ಮೊದಲಿಗೆ ಹುಲ್ಲಟ್ಟದಲ್ಲಿ ಮಲಗಲು ಬಿಟ್ಟ ಕೆಲವು ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆಗಳನ್ನು ಹೊತ್ತು ಪರಾರಿಯಾದರು. ತಾಯಿಮಗ ಕದ ಮುಚ್ಚಲಿಲ್ಲ. ೧೮೪೭ರ ಮೇ ತಿಂಗಳ ಒಂದು ಮಳೆಯ ರಾತ್ರಿ, ನೆನೆದು ತೊಪ್ಪೆಯಾದ ಹದಿನೈದರ ತಬ್ಬಲಿಯೊಬ್ಬನು ಬಾಗಿಲು ತಟ್ಟಿದನು. ಕೆಲಸ ಹುಡುಕಿ ಬಂದು ಕೈಯಲ್ಲಿದ್ದ ಹಣವೆಲ್ಲ ಮುಗಿದಿದ್ದಿತು. ಮಾರ್ಗರಿಟಮ್ಮನವರು ಅವನನ್ನು ಒಲೆಯ ಬಳಿ ಕುಳ್ಳಿರಿಸಿ, ಬಿಸಿ ಸಾರು ಮತ್ತು ರೊಟ್ಟಿ ಕೊಟ್ಟು, ಬಟ್ಟೆ ಒಣಗಿಸಿ, ಇಟ್ಟಿಗೆ ಹಲಗೆಗಳನ್ನು ಜೋಡಿಸಿ ಅಡಿಗೆಮನೆಯಲ್ಲೇ ಹಾಸಿಗೆ ಹಾಸಿದರು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿಯ ಕುರಿತು ನಾಲ್ಕು ಮಾತು ಹೇಳಿ ಹರಸಿದರು. ಸಲೇಸಿಯನ್ ಮನೆಗಳಲ್ಲಿ ಪ್ರತಿ ರಾತ್ರಿ ಪ್ರಾರ್ಥನೆಯ ಬಳಿಕ ಮಕ್ಕಳಿಗೆ ಹೇಳುವ ಶುಭರಾತ್ರಿಯ ಮಾತು ಹೀಗೆ ಒಬ್ಬ ಅನಕ್ಷರಸ್ಥ ತಾಯಿಯಿಂದ ಹುಟ್ಟಿತು. ಮೊದಲು ಬಿಸಿ ಊಟ, ಒಣ ಬಟ್ಟೆ, ಬೆಚ್ಚನೆಯ ಹಾಸಿಗೆ. ಉಪದೇಶ ಕೊನೆಗೆ, ಅದೂ ಸ್ವಲ್ಪವೇ. ಈ ಕ್ರಮವನ್ನು ತಿಳಿದವರಿಗೆ ಡಾನ್ ಬೋಸ್ಕೊರವರ ಪದ್ಧತಿಯ ಅರ್ಧಭಾಗ ತಿಳಿದಂತೆಯೇ.

ಈ ದುಡಿಮೆ ಸುಲಭವಾಗಿರಲಿಲ್ಲ. ತಾನು ಬೆಳೆಸಿದ ತರಕಾರಿಯ ಮಡಿಗಳನ್ನು ಹುಡುಗರು ಆಟದಲ್ಲಿ ತುಳಿದು ಹಾಳುಗೆಡವಿದ ಒಂದು ದಿನ ತಾಯಿಯ ಸಹನೆ ಮುಗಿದು, ಊರಿಗೆ ಹೊರಟುಹೋಗುವೆನೆಂದರು. ಮಗ ಮಾತನಾಡದೆ ಗೋಡೆಯ ಮೇಲಿನ ಶಿಲುಬೆಯತ್ತ ಕೈ ತೋರಿದರು. ತಾಯಿಯ ಕಣ್ಣು ತುಂಬಿತು. ಅವರು ೧೮೫೬ರ ನವೆಂಬರ್ ೨೫ರಂದು ಕಣ್ಣು ಮುಚ್ಚುವವರೆಗೂ ಅಲ್ಲಿಯೇ ಉಳಿದರು.

ನಗರದಲ್ಲಿ ಕೆಲಸಕ್ಕೆ ಹೋಗುವ ಹುಡುಗರನ್ನು ಒಡೆಯರು ಹೊಡೆಯುತ್ತಿದ್ದರು, ಶಕ್ತಿ ಮೀರಿ ದುಡಿಸುತ್ತಿದ್ದರು. ಡಾನ್ ಬೋಸ್ಕೊರವರು ೧೮೫೧-೫೨ರ ಕಾಲದಿಂದ ಒಡೆಯರೊಡನೆ ಲಿಖಿತ ಕರಾರುಗಳನ್ನು ಮಾಡಿಸಿಕೊಂಡರು. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕು, ಹೊಡೆಯಕೂಡದು. ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಕೂಡದು. ಭಾನುವಾರ ಮತ್ತು ಹಬ್ಬದ ದಿನ ರಜೆ ಕೊಡಬೇಕು. ೧೮೫೩ರಿಂದ ಮನೆಯಲ್ಲಿಯೇ ಚಪ್ಪಲಿ ಹೊಲಿಗೆ, ಬಟ್ಟೆ ಹೊಲಿಗೆ, ಮುಂದೆ ಪುಸ್ತಕ ಕಟ್ಟುವುದು, ಮರಗೆಲಸ, ಮುದ್ರಣ ಮೊದಲಾದ ಕಾರ್ಯಾಗಾರಗಳನ್ನು ಒಂದೊಂದಾಗಿ ತೆರೆದರು.

ಇನ್ನೂ ಒಂದು ಸಂಗತಿ ಅನೇಕರಿಗೆ ತಿಳಿಯದು. ೧೮೫೦ರಲ್ಲಿ ಅವರು ಬಾಲಕರಿಂದಲೇ ಒಂದು ಪರಸ್ಪರ ಸಹಾಯ ಸಂಘವನ್ನು ಕಟ್ಟಿಸಿದರು. ಪ್ರತಿಯೊಬ್ಬ ಸದಸ್ಯನು ಭಾನುವಾರಕ್ಕೆ ಒಂದು ಬಿಡಿಕಾಸನ್ನು ಕಟ್ಟಬೇಕು. ಆರು ತಿಂಗಳ ಬಳಿಕ ಅವನು ಕಾಯಿಲೆ ಬಿದ್ದರೆ, ಇಲ್ಲವೆ ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡರೆ, ಆ ನಿಧಿಯಿಂದ ದಿನಕ್ಕೆ ಐವತ್ತು ಸಾಂಟಿಂ ಹಣ ಅವನಿಗೆ ಸಲ್ಲುತ್ತಿದ್ದಿತು. ಸರ್ಕಾರದ ವಿಮೆ ಎಂಬುದನ್ನು ಯಾರೂ ಕೇಳಿರದ ಕಾಲದಲ್ಲಿ ಬೀದಿಯ ಬಾಲಕರು ಒಬ್ಬರ ಕಾಯಿಲೆಯನ್ನು ಒಬ್ಬರು ಹೊರುವುದನ್ನು ಕಲಿತರು.

ಕಾಲರಾ ಬಂದ ವರ್ಷ

೧೮೫೪ರ ಬೇಸಿಗೆಯಲ್ಲಿ ತುರಿನ್ ನಗರಕ್ಕೆ ಕಾಲರಾ ಮಾರಿ ಹೊಕ್ಕಿತು. ವಾಲ್ದೊಕ್ಕೊ ಇದ್ದ ಬಡವರ ವಲಯವೇ ಹೆಚ್ಚಾಗಿ ತತ್ತರಿಸಿತು. ನಗರದಲ್ಲಿ ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ಉಳ್ಳವರು ಊರು ಬಿಟ್ಟರು. ರೋಗಿಗಳ ಬಳಿ ಹೋಗಲು ಹಣ ಕೊಟ್ಟರೂ ಆಳು ಸಿಗದಾಯಿತು. ಡಾನ್ ಬೋಸ್ಕೊರವರು ಮೊದಲು ತಮ್ಮ ಮನೆಯನ್ನು ಸರಿಪಡಿಸಿದರು: ಕೋಣೆಗಳನ್ನು ಶುಚಿಗೊಳಿಸಿ, ಮಲಗುವ ಕೋಣೆಗಳಲ್ಲಿ ಹಾಸಿಗೆಗಳನ್ನು ಕಡಿಮೆ ಮಾಡಿ, ಗಾಳಿ ಆಡುವಂತೆ ಮಾಡಿದರು. ತರುವಾಯ ಬಾಲಕರಿಗೆ ಪಾಪವನ್ನು ತ್ಯಜಿಸಿ ದೇವಮಾತೆಯಲ್ಲಿ ಭರವಸೆಯಿಡುವಂತೆಯೂ ಅಜಾಗರೂಕರಾಗದಂತೆಯೂ ತಿಳಿಸಿ, ರೋಗಿಗಳ ಸೇವೆಗೆ ಸ್ವಇಚ್ಛೆಯಿಂದ ಬರುವವರಿದ್ದಾರೆಯೇ ಎಂದು ಕೇಳಿದರು. ಮೊದಲು ಹದಿನಾಲ್ಕು ಮಂದಿ, ಬಳಿಕ ಇನ್ನೂ ಮೂವತ್ತು ಮಂದಿ, ಒಟ್ಟು ನಲವತ್ತನಾಲ್ಕು ಬಾಲಕರು ಮುಂದೆ ಬಂದರು.

ಅವರನ್ನು ಬರಿದೇ ಹುರಿದುಂಬಿಸಿ ಕಳುಹಿಸಲಿಲ್ಲ. ರೋಗಿಯನ್ನು ಎತ್ತುವುದು ಹೇಗೆ, ತಣ್ಣಗಾದ ಕೈಕಾಲುಗಳನ್ನು ತಿಕ್ಕುವುದು ಹೇಗೆ ಎಂಬುದನ್ನು ಕಲಿಸಿದರು. ಪ್ರತಿಯೊಬ್ಬನಿಗೂ ಒಂದೊಂದು ಸೀಸೆ ವಿನೆಗರ್ ಕೊಟ್ಟು, ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಮನೆಯ ಹೊದಿಕೆಗಳೆಲ್ಲ ರೋಗಿಗಳ ಪಾಲಾದವು. ಒಬ್ಬ ರೋಗಿಗೆ ಹೊದಿಸಲು ಏನೂ ಇಲ್ಲವೆಂದು ಹುಡುಗನೊಬ್ಬನು ಬಂದಾಗ, ಮಾರ್ಗರಿಟಮ್ಮನವರು ಬಲಿಪೀಠದ ಬಟ್ಟೆಯನ್ನೇ ಎತ್ತಿಕೊಟ್ಟರು. ಕಾಲರಾ ಕಲುಷಿತ ನೀರಿನಿಂದ ಹರಡುವುದೆಂಬುದನ್ನು ಅದೇ ವರ್ಷ ಲಂಡನ್ ನಗರದಲ್ಲಿ ಜಾನ್ ಸ್ನೋ ಎಂಬ ವೈದ್ಯರು ಬೀದಿಯ ಪಂಪೊಂದನ್ನು ಪರೀಕ್ಷಿಸಿ ತೋರಿಸುತ್ತಿದ್ದರು. ಆ ವಿದ್ಯೆ ಇನ್ನೂ ತುರಿನ್‌ವರೆಗೆ ಮುಟ್ಟಿರಲಿಲ್ಲ. ಆದರೂ ಶುಚಿತ್ವವನ್ನು ಡಾನ್ ಬೋಸ್ಕೊ ಬಿಡಲಿಲ್ಲ. ನಲವತ್ತನಾಲ್ವರಲ್ಲಿ ಒಬ್ಬನಿಗೂ ರೋಗ ತಗುಲಲಿಲ್ಲ. ದೇವರ ರಕ್ಷಣೆಯನ್ನು ಬೇಡುವವನು ಕೈ ತೊಳೆಯುವುದನ್ನು ಮರೆಯಬೇಕಾಗಿಲ್ಲ. ಕೈ ತೊಳೆಯುವವನು ಪ್ರಾರ್ಥನೆಯನ್ನು ಮರೆಯಬೇಕಾಗಿಲ್ಲ. ಡಿಸೆಂಬರ್ ೮ರಂದು, ಜಗದ್ಗುರು ಒಂಬತ್ತನೆಯ ಪಿಯುಸ್‌ರವರು ಮಾತೆಯ ಅಮಲೋದ್ಭವವನ್ನು ವಿಶ್ವಾಸಸತ್ಯವೆಂದು ಘೋಷಿಸಿದ ದಿನವೇ, ವಾಲ್ದೊಕ್ಕೊದ ಬಾಲಕರು ದೇವರಿಗೆ ಕೃತಜ್ಞತೆ ಸಲ್ಲಿಸಿದರು.

ಆ ಮಾರಿಯಿಂದ ದಿಕ್ಕಿಲ್ಲದಂತಾದ ಮಕ್ಕಳಲ್ಲಿ ಪಿಯೆತ್ರೊ ಎನ್ರಿಯ ಎಂಬ ಹದಿಮೂರರ ಬಾಲಕನನ್ನು ಡಾನ್ ಬೋಸ್ಕೊ ಮನೆಗೆ ಕರೆತಂದರು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಇಬ್ಬರು ಬಾಲಕರು

ಅದೇ ವರ್ಷ ಅಕ್ಟೋಬರ್‌ನಲ್ಲಿ ದೋಮಿನಿಕ್ ಸಾವಿಯೊ ಎಂಬ ಹನ್ನೆರಡರ ಬಾಲಕನು ವಾಲ್ದೊಕ್ಕೊ ಸೇರಿದನು. ಸಂತನಾಗಬೇಕೆಂಬ ಆಸೆಯಲ್ಲಿ ಅವನು ಆಟ ಬಿಟ್ಟು ಒಂಟಿಯಾಗಿ ಮಂಕಾಗಿ ಕುಳಿತಾಗ, ಡಾನ್ ಬೋಸ್ಕೊ ಅವನನ್ನು ಕರೆದು, ಉಲ್ಲಾಸದಿಂದಿರುವುದು, ತನ್ನ ಕರ್ತವ್ಯವನ್ನು ಮಾಡುವುದು, ಗೆಳೆಯರಿಗೆ ಒಳಿತು ಮಾಡುವುದು, ಇದೇ ಸಂತತನದ ಹಾದಿಯೆಂದು ತಿಳಿಹೇಳಿದರು. ಚಳಿಗಾಲದಲ್ಲಿ ತೆಳು ಹೊದಿಕೆ ಹೊದ್ದು ದೇಹದಂಡನೆ ಮಾಡುತ್ತಿದ್ದುದು ತಿಳಿದಾಗ ಅದನ್ನು ಖಂಡಿತವಾಗಿ ತಡೆದರು. ದೋಮಿನಿಕನು ೧೮೫೬ರಲ್ಲಿ ಗೆಳೆಯರೊಡನೆ ಅಮಲೋದ್ಭವಿ ಮಾತೆಯ ಕೂಟವನ್ನು ಕಟ್ಟಿದನು. ಕೂಟದ ಸದಸ್ಯರು ಹೊಸದಾಗಿ ಬಂದವರನ್ನೂ, ಒಂಟಿಯಾದವರನ್ನೂ, ಪುಂಡರನ್ನೂ ತಮ್ಮತಮ್ಮಲ್ಲಿ ಹಂಚಿಕೊಂಡು ಅವರಿಗೆ ಜೊತೆಗಾರರಾಗುತ್ತಿದ್ದರು. ಹಿರಿಯರ ಬಳಿ ಬಾಯಿ ಬಿಡದ ಹುಡುಗನು ಓರಗೆಯವನ ಬಳಿ ಮನಸ್ಸು ಬಿಚ್ಚುವನೆಂಬುದನ್ನು ಡಾನ್ ಬೋಸ್ಕೊ ಅರಿತಿದ್ದರು.

ದೋಮಿನಿಕನ ಕೆಮ್ಮು ಹೆಚ್ಚಿದಾಗ ವೈದ್ಯರನ್ನು ಕರೆಯಿಸಿ, ಅವರ ಸಲಹೆಯಂತೆ ಅವನನ್ನು ೧೮೫೭ರ ಮಾರ್ಚ್ ೧ರಂದು ತಂದೆತಾಯಿಗಳ ಬಳಿಗೆ ಕಳುಹಿಸಿದರು. ಅಂದಿನ ವೈದ್ಯಪದ್ಧತಿಯಂತೆ ಅಲ್ಲಿ ಹತ್ತು ಬಾರಿ ರಕ್ತ ತೆಗೆಯಲಾಯಿತು. ಅದು ದುರ್ಬಲನನ್ನು ಇನ್ನೂ ದುರ್ಬಲಗೊಳಿಸುವುದೆಂದು ಇಂದು ನಾವು ಬಲ್ಲೆವು. ಮಾರ್ಚ್ ೯ರಂದು ಅವನು ಶಾಂತಿಯಿಂದ ದೇವರ ಸನ್ನಿಧಿ ಸೇರಿದನು. ೧೯೫೪ರಲ್ಲಿ ಧರ್ಮಸಭೆ ಅವನನ್ನು ಸಂತನೆಂದು ಘೋಷಿಸಿತು.

ಇನ್ನೊಬ್ಬನು ಮಿಕೇಲ್ ಮಗೋನೆ. ೧೮೫೭ರ ಶರತ್ಕಾಲದ ಮಂಜಿನ ಸಂಜೆ, ಕಾರ್ಮಞೊಲ ರೈಲು ನಿಲ್ದಾಣದಲ್ಲಿ ಪುಂಡ ಹುಡುಗರ ದಂಡನ್ನು ನಡೆಸುತ್ತಿದ್ದ ಅವನನ್ನು ಡಾನ್ ಬೋಸ್ಕೊ ಕಂಡರು. ತಂದೆಯಿಲ್ಲ, ಹದಿಮೂರರ ವಯಸ್ಸು, ಮಾಡುವ ಕಸುಬಿಲ್ಲ. ರೈಲು ಹೊರಡುವ ಮುನ್ನದ ಕೆಲವೇ ನಿಮಿಷಗಳ ಮಾತುಕತೆ ಅವನ ಬಾಳನ್ನು ತಿರುಗಿಸಿತು. ವಾಲ್ದೊಕ್ಕೊ ಸೇರಿದ ಮಿಕೇಲನು ಆಟದಲ್ಲಿ ಎಲ್ಲರಿಗೂ ಮುಂದಾಳು. ಒಂದು ತಿಂಗಳಾಗುವಷ್ಟರಲ್ಲಿ ಮಾತ್ರ ಮಂಕಾದನು. ಮೂಲೆ ಹಿಡಿದು ಅಳತೊಡಗಿದನು. ಡಾನ್ ಬೋಸ್ಕೊ ಬೈಯಲಿಲ್ಲ, ಸೋಮಾರಿತನವೆನ್ನಲಿಲ್ಲ, ಬಲವಂತದಿಂದ ಬಾಯಿ ಬಿಡಿಸಲಿಲ್ಲ. ಬಳಿಗೆ ಕರೆದು, ಏನು ನೋವೆಂದು ತಾಳ್ಮೆಯಿಂದ ವಿಚಾರಿಸಿ, ಅವನು ಅತ್ತು ಮುಗಿಸುವವರೆಗೆ ಕಾದರು. ಹಳೆಯ ಬದುಕಿನ ಭಾರ ಅವನ ಮನಸ್ಸನ್ನು ಒತ್ತುತ್ತಿದ್ದಿತು. ಪಾಪನಿವೇದನೆಯ ಬಳಿಕ ಅವನ ಮುಖ ಅರಳಿತು. ೧೮೫೯ರ ಜನವರಿಯಲ್ಲಿ ಅವನು ಕಾಯಿಲೆಯಿಂದ ತೀರಿಕೊಂಡನು. ಡಾನ್ ಬೋಸ್ಕೊ ಈ ಇಬ್ಬರು ಬಾಲಕರ ಜೀವನಚರಿತ್ರೆಗಳನ್ನೂ ಬರೆದಿಟ್ಟರು.

ಈ ಮಗೋನೆಯ ಕಥೆಯನ್ನು ಓದುವಾಗಲೆಲ್ಲ ನಮ್ಮ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತದೆ. ನಾವು ಕಿರಿಯ ಗುರುಗಳಾಗಿದ್ದಾಗ ಒಂದು ವಿದ್ಯಾರ್ಥಿನಿಲಯದ ಹೊಣೆ ನಮ್ಮ ಮೇಲಿದ್ದಿತು. ಬೆಳಗಿನ ಪೂಜೆಯಲ್ಲಿಯೂ ಓದಿನ ವೇಳೆಯಲ್ಲಿಯೂ ತೂಕಡಿಸುತ್ತಿದ್ದ ಬಾಲಕನೊಬ್ಬನನ್ನು ಸೋಮಾರಿಯೆಂದು ಎಲ್ಲರ ಮುಂದೆ ನಿಲ್ಲಿಸಿ ದಂಡಿಸಿದೆವು. ಮೂರು ವಾರಗಳ ಬಳಿಕ ಅವನು ಆಟದ ಬಯಲಿನಲ್ಲಿ ಕುಸಿದುಬಿದ್ದನು. ವೈದ್ಯರು ಪರೀಕ್ಷಿಸಿ ಮೈಯಲ್ಲಿ ರಕ್ತವೇ ಇಲ್ಲವೆಂದರು. ಕುಡಿದು ಬರುವ ತಂದೆಯು ತಾಯಿಯನ್ನು ಹೊಡೆಯುತ್ತಿರಬಹುದೆಂದು ನೆನೆದು ಅವನು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆಯುತ್ತಿದ್ದನೆಂಬುದೂ ಆಗಲೇ ತಿಳಿದುಬಂದಿತು. ಔಷಧದಿಂದ ದೇಹ ಚೇತರಿಸಿತು. ರಜೆಗೆ ಹೋದವನು ಮಾತ್ರ ಹಿಂತಿರುಗಲಿಲ್ಲ. ಆ ಮೂರು ವಾರಗಳಲ್ಲಿ ಒಮ್ಮೆಯೂ ನಾವು ಅವನನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಏನಾಯಿತು ಮಗು ಎಂದು ಕೇಳಿರಲಿಲ್ಲ. ಗುರುಮಠದಲ್ಲಿ ಡಾನ್ ಬೋಸ್ಕೊರವರನ್ನು ಓದಿದ್ದೆವು, ಕಲಿತಿರಲಿಲ್ಲ.

ಕಾಯುವ ಪದ್ಧತಿ

ಈ ಕಾರ್ಯವು ತಮ್ಮೊಡನೆಯೇ ಮುಗಿಯಬಾರದೆಂದು ಡಾನ್ ಬೋಸ್ಕೊ ೧೮೫೯ರ ಡಿಸೆಂಬರ್ ೧೮ರಂದು ತಾವು ಬೆಳೆಸಿದ ಯುವಕರೊಡನೆಯೇ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದರು. ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ದೆ ಸೇಲ್ಸ್‌ರವರ ಹೆಸರನ್ನು ಅದಕ್ಕೆ ಇಟ್ಟರು. ಬಾಲಕಿಯರಿಗಾಗಿ ೧೮೭೨ರಲ್ಲಿ ಸಂತ ಮರಿಯ ಮಜ್ಜರೆಲ್ಲೊರವರೊಡಗೂಡಿ ಕನ್ಯಾಸ್ತ್ರೀಯರ ಸಭೆಯನ್ನು ಕಟ್ಟಿದರು. ೧೮೭೭ರಲ್ಲಿ ತಮ್ಮ ಪದ್ಧತಿಯನ್ನು ಒಂದು ಕಿರುಹೊತ್ತಗೆಯಲ್ಲಿ ವಿವರಿಸಿದರು. ವಿವೇಕ, ಧರ್ಮ, ಅಕ್ಕರೆ, ಇವೇ ಅದರ ಮೂರು ಕಂಬಗಳು. ತಪ್ಪು ಮಾಡುವವರೆಗೆ ಕಾದು ಶಿಕ್ಷಿಸುವುದಕ್ಕೆ ಬದಲಾಗಿ, ತಪ್ಪು ಮಾಡುವ ಅವಕಾಶವೇ ಬಾರದಂತೆ ಮಕ್ಕಳ ನಡುವೆಯೇ ಇದ್ದು ಕಾಯುವುದು ಅದರ ತಿರುಳು. ಪಾಪನಿವೇದನೆಗೂ ಪರಮಪ್ರಸಾದಕ್ಕೂ ಯಾರನ್ನೂ ಬಲವಂತಪಡಿಸಕೂಡದೆಂಬುದು ಅವರ ನಿಯಮವಾಗಿದ್ದಿತು.

ಮನೆಗಳು ದೊಡ್ಡವಾದಂತೆ ಆ ಅಕ್ಕರೆ ತಣ್ಣಗಾಗುತ್ತಿರುವುದನ್ನು ಕಂಡು ಅವರು ೧೮೮೪ರ ಮೇ ೧೦ರಂದು ರೋಮ್ ನಗರದಿಂದ ಒಂದು ದುಃಖಭರಿತ ಪತ್ರವನ್ನು ಬರೆದರು. ಬಾಲಕರನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂಬುದು ಬಾಲಕರ ಅರಿವಿಗೆ ಬರಬೇಕು ಎಂಬುದು ಅದರ ಸಾರಾಂಶ. ಮಕ್ಕಳಿಗಾಗಿ ಹಗಲಿರುಳು ದುಡಿಯುವ ನಮ್ಮ ತಂದೆತಾಯಿಗಳು ಈ ಮಾತನ್ನು ಎದೆಯಲ್ಲಿಟ್ಟುಕೊಳ್ಳಬೇಕು. ದುಡಿಮೆ ಪ್ರೀತಿಯಿಂದಲೇ ಹುಟ್ಟುತ್ತದೆ. ಆದರೆ ಅದು ಮಗುವಿಗೆ ಕಾಣಿಸುವುದೇ?

ಡಾನ್ ಬೋಸ್ಕೊರವರು ಮನೆಯ ಹಿರಿಯರೂ ಪಾಪನಿವೇದನೆ ಕೇಳುವ ಗುರುಗಳೂ ಆಗಿದ್ದರು. ಅವರ ಕಾಲಾನಂತರ, ೧೯೦೧ರಲ್ಲಿ ಧರ್ಮಸಭೆಯು ಅಧಿಕಾರ ನಡೆಸುವ ಹಿರಿಯರು ತಮ್ಮ ಅಧೀನರ ಪಾಪನಿವೇದನೆ ಕೇಳುವುದನ್ನು ನಿಷೇಧಿಸಿತು. ಮನಸ್ಸು ಬಿಚ್ಚುವವನಿಗೆ ಭಯವಿರಬಾರದೆಂಬುದೇ ಇದರ ಆಶಯ. ಮಕ್ಕಳ ನಂಬಿಕೆಯನ್ನು ದುರುಪಯೋಗಪಡಿಸಿದ ಹಿರಿಯರಿಂದ ಧರ್ಮಸಭ��ಗೂ ಸಮಾಜಕ್ಕೂ ಆಗಿರುವ ಗಾಯವನ್ನು ನೋಡಿದ ನಮ್ಮ ಕಾಲದವರಿಗೆ ಈ ಎಚ್ಚರಿಕೆಯ ಬೆಲೆ ಚೆನ್ನಾಗಿ ತಿಳಿದಿದೆ. ನಮ್ಮ ದೇಶದಲ್ಲಿ ೨೦೧೨ರಲ್ಲಿ ಬಂದ ಪೋಕ್ಸೊ ಕಾಯಿದೆಯನ್ನು ಮಕ್ಕಳೊಡನೆ ದುಡಿಯುವ ಪ್ರತಿಯೊಬ್ಬರೂ ತಿಳಿದಿರಲೇಬೇಕು.

ಕೊನೆಯ ದಿನಗಳು

ಬಿಡುವಿಲ್ಲದ ದುಡಿಮೆಯಿಂದ ಅವರ ದೇಹ ಸವೆದುಹೋಯಿತು. ೧೮೮೪ರಲ್ಲಿ ಅವರನ್ನು ಪರೀಕ್ಷಿಸಿದ ಫ್ರಾನ್ಸ್ ದೇಶದ ವೈದ್ಯರೊಬ್ಬರು, ಹಗಲಿರುಳೂ ತೊಟ್ಟು ಜೀರ್ಣವಾದ ಉಡುಪಿಗೆ ಅವರ ದೇಹವನ್ನು ಹೋಲಿಸಿ, ವಿಶ್ರಾಂತಿಯೊಂದೇ ಔಷಧವೆಂದರು. ಆ ಒಂದು ಔಷಧವನ್ನು ಮಾತ್ರ ಅವರು ಸೇವಿಸಲಿಲ್ಲ. ೧೮೮೮ರ ಜನವರಿ ೩೧ರಂದು ವಾಲ್ದೊಕ್ಕೊದಲ್ಲಿಯೇ ಕೊನೆಯುಸಿರೆಳೆದರು. ಆ ಕೊನೆಯ ಕಾಯಿಲೆಯಲ್ಲಿ ಹಾಸಿಗೆಯ ಪಕ್ಕದಲ್ಲಿದ್ದು ಅವರ ಶುಶ್ರೂಷೆ ಮಾಡಿದವರು ಪಿಯೆತ್ರೊ ಎನ್ರಿಯ. ಮೂವತ್ತನಾಲ್ಕು ವರ್ಷಗಳ ಹಿಂದೆ ಕಾಲರಾ ಮಾರಿಯಿಂದ ಎತ್ತಿ ತಂದ ಆ ಬಾಲಕನೇ ಸಲೇಸಿಯನ್ ಸಹೋದರನಾಗಿ, ತನ್ನನ್ನು ಸಾಕಿದ ತಂದೆಗೆ ನೀರು ಕುಡಿಸಿದನು.

ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ೧೯೩೪ರ ಏಪ್ರಿಲ್ ೧ರ ಪುನರುತ್ಥಾನದ ಹಬ್ಬದಂದು ಅವರನ್ನು ಸಂತ ಪದವಿಗೇರಿಸಿದರು. ಮರಣದ ಶತಾಬ್ದಿಯ ಸಂದರ್ಭದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಅವರನ್ನು ಯುವಜನರ ತಂದೆ ಮತ್ತು ಗುರು ಎಂದು ಗೌರವಿಸಿದರು. ಸಲೇಸಿಯನ್ ಗುರುಗಳು ೧೯೦೬ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಕಾರ್ಯ ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿ ೧೯೮೦ರಲ್ಲಿ ಅವರು ಬೀದಿಯ ಮಕ್ಕಳಿಗಾಗಿ ಬೋಸ್ಕೊ ಎಂಬ ಸೇವೆಯನ್ನು ತೊಡಗಿದರು. ರೈಲು ನಿಲ್ದಾಣದಲ್ಲಿ ದಿಕ್ಕುಗಾಣದೆ ಇಳಿಯುವ ಬಾಲಕರನ್ನು ಕಂಡು ಮಾತನಾಡಿಸುವ ಈ ಕಾರ್ಯ ಕಾರ್ಮಞೊಲ ನಿಲ್ದಾಣದ ಆ ಸಂಜೆಯ ಮುಂದುವರಿಕೆಯೇ ಸರಿ.

ನಮ್ಮ ಮಕ್ಕಳು

ಕ್ಯಾಲನೂರಿನಿಂದ ವಾಲ್ದೊಕ್ಕೊ ಬಹು ದೂರವೆಂದು ಯಾರೂ ತಿಳಿಯಬಾರದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಿಂದ ಎಷ್ಟೋ ಮಕ್ಕಳು ಓದಿಗಾಗಿ ಹಾಸ್ಟೆಲುಗಳಲ್ಲಿದ್ದಾರೆ. ಎಷ್ಟೋ ಯುವಕ ಯುವತಿಯರು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುತ್ತ ಬಾಡಿಗೆ ಕೋಣೆಗಳಲ್ಲಿ ನಾಲ್ಕೈದು ಮಂದಿ ಕೂಡಿ ವಾಸಿಸುತ್ತಾರೆ. ೨೦೦೧ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವ ಕುಟುಂಬಗಳೆಷ್ಟೋ. ಸರಿಯಾಗಿ ಉಣ್ಣದವರು, ನಿದ್ದೆಯಿಲ್ಲದವರು, ಕುಡಿತಕ್ಕೆ ಬಿದ್ದವರು, ಪರೀಕ್ಷೆಯ ಸೋಲನ್ನು ಯಾರಿಗೂ ಹೇಳಲಾರದೆ ಒಳಗೊಳಗೇ ಬೇಯುವವರು ಅವರಲ್ಲಿದ್ದಾರೆ. ಭಾನುವಾರ ಪೂಜೆಗೆ ಬಾರದ ಯುವಕನನ್ನು ಭಕ್ತಿಹೀನನೆಂದು ತೀರ್ಮಾನಿಸುವ ಮುನ್ನ ಅವನು ಊಟ ಮಾಡಿದ್ದಾನೆಯೇ, ಮೈ ಸರಿಯಿದೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸುತ್ತೇವೆ?

ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ಅದು ದೆವ್ವದ ಕಾಟವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಪಾಪನಿವೇದನೆಯ ಪೀಠ ವೈದ್ಯರ ಕೋಣೆಗೆ ಬದಲಲ್ಲ, ವೈದ್ಯರ ಕೋಣೆ ಪಾಪನಿವೇದನೆಗೆ ಬದಲಲ್ಲ. ಎರಡೂ ದೇವರ ಕೊಡುಗೆಗಳೇ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಲ್ಲ. ಮನಸ್ಸು ಕುಗ್ಗಿದವರು ೧೪೪೧೬ ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆಪತ್ತಿನಲ್ಲಿರುವ ಮಗುವಿಗಾಗಿ ೧೦೯೮ ಸಂಖ್ಯೆಯಿದೆ. ಈ ಎರಡು ಸಂಖ್ಯೆಗಳನ್ನು ಪ್ರತಿ ಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಬೇಕೆಂದು ನಾವು ಬಿನ್ನವಿಸಿಕೊಳ್ಳುತ್ತೇವೆ.

ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಬಹುದು, ಗಂಟೆ ತೂಗಿಸಬಹುದು, ಅವು ಒಳ್ಳೆಯವೇ. ಆದರೆ ಊರು ಬಿಟ್ಟ ಪ್ರತಿಯೊಂದು ಮಗುವಿನ ಹೆಸರನ್ನು ಬಲ್ಲ, ತಿಂಗಳಿಗೊಮ್ಮೆಯಾದರೂ ಅದರ ಕ್ಷೇಮ ವಿಚಾರಿಸುವ ಒಬ್ಬ ಹಿರಿಯರು ನಮ್ಮ ಧರ್ಮಕೇಂದ್ರದಲ್ಲಿ ಇರುವಂತಾದರೆ, ಮುಂದಿನ ನೂರು ವರ್ಷಗಳಿಗೆ ಅದಕ್ಕಿಂತ ಮಿಗಿಲಾದ ಅಡಿಗಲ್ಲು ಬೇರೊಂದಿಲ್ಲ. ನಮ್ಮ ಹಿರಿಯರು ಕಟ್ಟಿದ ಈ ದೇವಾಲಯದ ಬಾಗಿಲು, ಮಳೆಯಲ್ಲಿ ನೆನೆದು ಬಂದವನಿಗೆ ಮೊದಲು ಬಿಸಿ ಸಾರು ಕೊಡುವ ಅಡಿಗೆಮನೆಯ ಬಾಗಿಲೂ ಆಗಲಿ.

ಸಂತ ಜಾನ್ ಬೋಸ್ಕೊರವರೇ, ನಮ್ಮ ಮಕ್ಕಳಿಗಾಗಿಯೂ ಅವರನ್ನು ಕಾಯಬೇಕಾದ ನಮಗಾಗಿಯೂ ಪ್ರಾರ್ಥಿಸಿರಿ. ಸಹಾಯಮಾತೆ ಮರಿಯಮ್ಮನವರು ನಮ್ಮೆಲ್ಲರನ್ನೂ ತಮ್ಮ ಸೆರಗಿನ ನೆರಳಿನಲ್ಲಿ ಕಾಪಾಡಲಿ.